ಗುರುತು ಬ್ಯಾರೆ, ಗುರಿ ಬ್ಯಾರೆ: ‘ಹೊಸ ಎಂಜೈಮ್ ಸಿಕ್ಕೈತಿ’ ಅನ್ನೋ ಕ್ಯಾನ್ಸರ್ ಪೇಪರ್ ಓದೋದು ಹೆಂಗ

ಹೋದ ವಾರ ರಾತ್ರಿ ಒಂಬತ್ತಕ್ಕ ಮುಧೋಳ ಕಡಿ ಹುಡುಗ ಒಬ್ಬಾಂವ ಫೋನ್ ಮಾಡಿದ, ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡಾಕತ್ತಾನ. "ಅಕ್ಕಾರ, ಸೆಮಿನಾರಿಗೆ ಒಂದು ಪೇಪರ್ ಕೊಟ್ಟಾರ್ರಿ, ಹೊಟ್ಟಿ ಕ್ಯಾನ್ಸರ್‌ದಾಗ ಯುಎಸ್‌ಪಿ ಅಂತ ಯಾವುದೋ ಎಂಜೈಮು, ಮೂರು ಸಲ ಓದೀನಿ, ತಲಿಗೆ ಹತ್ತವಲ್ದು" ಅಂದ. ಕಡೀ ಸಾಲು ಓದಿ ಹೇಳಪಾ ಅಂದೆ. ನಾ ಅಂದ್ಕೊಂಡಂಗ ಇತ್ತು: ಈ ಎಂಜೈಮು ಹೊಸ ಬಯೋಮಾರ್ಕರ್ ಮತ್ತ ಔಷಧಕ್ಕ ಟಾರ್ಗೆಟ್ ಆಗಬಹುದು. ಇಂಥಾ ಪೇಪರ್ ಯಾವುದನ್ನ ಎತ್ತಿ ನೋಡಿದ್ರೂ ಕಡೀಕ ಇದ ಮಾತು ಬಂದು ನಿಂತಿರ್ತೈತಿ, ಮದುವಿ ಕಾರ್ಡಿನ್ಯಾಗ ‘ತಮ್ಮ ಆಗಮನವನ್ನು ಬಯಸುವ’ ಇರ್ತೈತಲ್ಲ ಹಂಗ.

"ಆ ಸಾಲಿನ್ಯಾಗ ‘ಮತ್ತ’ ಅಂತ ಐತಲ್ಲ, ಅದರ ಮ್ಯಾಲ ಪೆನ್ನಿಂದ ಗೀಟು ಹೊಡಿ, ಆಮ್ಯಾಲ ಮಾತಾಡೂಣು" ಅಂದೆ. ಅಂವಗ ಫೋನಿನ್ಯಾಗ ಹೇಳಿದ್ದನ್ನ ಇಲ್ಲಿ ಬರ್ಯಾಕತ್ತೀನಿ, ಯಾಕಂದ್ರ ಪ್ರತಿ ಸೆಮಿಸ್ಟರಿಗೆ ಇಬ್ಬರು ಮೂವರರ ಇದ ಕೇಳ್ತಾರ, ಮನ್ಯಾಗ ಯಾರಿಗರ ಕ್ಯಾನ್ಸರ್ ಆಗಿ ವಾಟ್ಸಾಪ್‌ನ್ಯಾಗ ಬಂದಿದ್ದನ್ನ ನಂಗ ಕಳಿಸಿ ‘ಇದು ಖರೇ ಏನ್ರಿ’ ಅನ್ನಾವ್ರೂ ಇದ್ದಾರ. ನಾ ಬೆಳಗಾವ್ಯಾಗ ಹಿಸ್ಟೊಪ್ಯಾಥಾಲಜಿ ಲ್ಯಾಬಿನ್ಯಾಗ ಸ್ಲೈಡ್ ಮಾಡಾಕಿ, ಡಾಕ್ಟರ್ ಅಲ್ಲ. ಔಷಧಿ ತಗೋರಿ ಬಿಡ್ರಿ ಅಂತ ಹೇಳೋ ಅಧಿಕಾರ ನಂಗಿಲ್ಲ, ಪೇಪರ್ ಓದೋದು ಹೆಂಗ ಅನ್ನೋದಷ್ಟ ಹೇಳ್ತೀನಿ.

ಒಂದು ಹಾಳಿ ತಗೋರಿ, ನಡುವ ಗೀಟು ಹೊಡ್ದು ಎಡಕ್ಕ ‘ಗುರುತು’ ಅಂತ ಬರೀರಿ, ಬಲಕ್ಕ ‘ಗುರಿ’. ಮಾರ್ಕರ್ ಅಂದ್ರ ಗುರುತು: ಈ ಮನುಷ್ಯಾಗ ರೋಗ ಐತೋ ಇಲ್ಲೋ, ಜೋರಾಗಿ ಹೋಗ್ತೈತೋ ಸಾವಕಾಶ ಹೋಗ್ತೈತೋ, ಈ ಔಷಧ ಹತ್ತತೈತೋ ಇಲ್ಲೋ ಅಂತ ಹೇಳೋದು. ಟಾರ್ಗೆಟ್ ಅಂದ್ರ ಗುರಿ: ಅದನ್ನ ಹೊಡದ್ರ ರೋಗ ಬೀಳಬೇಕು. ಹೊಲದಾಗ ಹದ್ದು ಸುತ್ತಾಕತ್ತಿದ್ರ ಕೆಳಗ ಏನೋ ಸತ್ತು ಬಿದ್ದೈತಿ ಅಂತ ಗುರುತು ಸಿಗ್ತೈತಿ, ಹದ್ದಿಗೆ ಕಲ್ಲು ಒಗದ್ರ ಸತ್ತಿದ್ದು ಎದ್ದು ಬರಂಗಿಲ್ಲ. ಪೇಪರಿನ ಒಂದೊಂದು ಫಿಗರನ್ನೂ ಇದು ಎಡಕ್ಕ ಹೋಗ್ತೈತೋ ಬಲಕ್ಕೋ ಅಂತ ಕೇಳಿ ಆ ಕಾಲಮ್ಮಿನ್ಯಾಗ ಬರೀರಿ. ಅಬ್‌ಸ್ಟ್ರ್ಯಾಕ್ಟ್ (ಪೇಪರಿನ ಶುರುವಿನ ಸಾರಾಂಶ) ಮದ್ಲ ಓದಬ್ಯಾಡ್ರಿ, ಅದು ಬೀಗರ ಮನಿಯವ್ರು ಹುಡುಗನ್ನ ಹೊಗಳಿದಂಗ ಇರ್ತೈತಿ.

ಮದ್ಲ ಆ ಎಂಜೈಮು ಮಾಡೋ ಕೆಲಸ ಏನು ಅಂತ ಒಂದು ಸಾಲಿನ್ಯಾಗ ಬರ್ಕೋರಿ. ಪ್ರೋಟೀನ್ ಮ್ಯಾಲ ಹಿಡಿತ ಇಡೋ ಎಂಜೈಮು ಅಂದ್ರ ಹೆಚ್ಚು ಕಡಿಮಿ ಮೂರು ಥರ ಅಂತ ಇಟ್ಕೋರಿ. ಫಾಸ್ಫೇಟ್ ಹಚ್ಚಾವು ಕೈನೇಸು, ಮನುಷ್ಯಾರಾಗ 500ಕ್ಕಿಂತ ಹೆಚ್ಚು ಅದಾವ, ಅದನ್ನ ಕಿತ್ತಾವು ಫಾಸ್ಫಟೇಸು. ಯುಬಿಕ್ವಿಟಿನ್ ಅನ್ನೋ 76 ಅಮೈನೊ ಆ್ಯಸಿಡ್‌ದ ಸಣ್ಣ ಪ್ರೋಟೀನನ್ನ ಹಚ್ಚಾವು ಇ1, ಇ2, ಇ3 ಅಂತ ಸಾಲು, ಕಿತ್ತಾವು ಡಿಯುಬಿ. ಮೂರನೇದು ಪ್ರೋಟೀನನ್ನ ಸೀದಾ ಕತ್ತರಿಸಾವು, ಪ್ರೋಟಿಯೇಸು. (ಮೆಡಿಕಲ್ ಅಂಗಡ್ಯಾಗ ಊಟ ಆದ ಮ್ಯಾಲ ಕುಡ್ಯಾಕ ಕೊಡೋ ‘ಎಂಜೈಮ್ ಸಿರಪ್’ಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಅದನ್ನ ಕುಡದು ಕ್ಯಾನ್ಸರ್ ತಡೀತೀನಿ ಅಂದಾವ್ರನ್ನ ನಾ ನೋಡೀನಿ.)

ಯುಬಿಕ್ವಿಟಿನ್ ಯಾಪಾರ ತಿಳೀಬೇಕಂದ್ರ ನಮ್ಮ ಕಡಿ ಕಬ್ಬಿನ ಕಟಾವು ನೆನಪು ಮಾಡ್ಕೋರಿ. ಹೊಲದಾಗ ಕಬ್ಬು ಬೆಳದು ನಿಂತೈತಿ, ಫ್ಯಾಕ್ಟರಿ ಚಾಲೂ ಐತಿ, ಗ್ಯಾಂಗೂ ಬಂದೈತಿ, ಆದ್ರ ನಿಮ್ಮ ಹೊಲದ ಪರ್ಮಿಟ್ ಬರದ ಯಾರೂ ಕೊಯ್ತಾ ಎತ್ತಂಗಿಲ್ಲ. ಯಾವ ಹೊಲ ಈ ವಾರ ಅಂತ ನೋಡಿ ಚೀಟಿ ಹರದು ಕೊಡಾಂವ ಫೀಲ್ಡ್‌ಮನ್ನು, ಅಂವನ ಇ3 ಲೈಗೇಸ್. ಚೀಟಿ ಯುಬಿಕ್ವಿಟಿನ್, ನುರಿಸೋ ಫ್ಯಾಕ್ಟರಿ ಪ್ರೋಟಿಯಾಸೋಮ್. ಯಾರೋ ಪ್ರಭಾವಿ ಮನುಷ್ಯಾ ಫೋನ್ ಮಾಡಿ ‘ಆ ಚೀಟಿ ಕ್ಯಾನ್ಸಲ್ ಮಾಡ್ರಿ’ ಅಂತಾನಲ್ಲ, ಅಂವ ಡಿಯುಬಿ, ಮುಧೋಳದ ಹುಡುಗನ ಯುಎಸ್‌ಪಿ ಇದ ಪಂಗಡದ್ದು. ಮನುಷ್ಯಾರಾಗ ಇ1 ಎರಡ, ಇ2 ಸುಮಾರು 40, ಇ3 ಮಾತ್ರ 600ಕ್ಕಿಂತ ಹೆಚ್ಚು, ಡಿಯುಬಿ ಸುಮಾರು 100. ಫೀಲ್ಡ್‌ಮನ್ನು ಅಷ್ಟು ಮಂದಿ ಯಾಕ ಅಂದ್ರ ಒಬ್ಬೊಬ್ಬಾಂವಗ ತನ್ನ ಹಳ್ಳಿ ಹೊಲ ಅಷ್ಟ ಗೊತ್ತಿರ್ತಾವ, ಅದಕ್ಕ ಔಷಧ ಹುಡುಕಾವ್ರಿಗೆ ಇ3 ಮ್ಯಾಲ ಅಷ್ಟು ಕಣ್ಣು, ಎಲ್ಲಾ ಹೊಲ ಬಿಟ್ಟು ಒಂದ ಹೊಲದ ಕಟಾವು ಹಿಡಿತಕ್ಕ ಸಿಗ್ತೈತಿ. ಈ ಚೀಟಿ ಯವಸ್ಥಾ ಕಂಡುಹಿಡದಿದ್ದಕ್ಕ ಚಿಕಾನೊವರ್, ಹೆರ್ಷ್ಕೊ, ರೋಸ್ ಮೂವರಿಗೆ 2004ರಾಗ ಕೆಮಿಸ್ಟ್ರಿ ನೊಬೆಲ್ ಬಂತು. ಒಂದು ಮಾತು, ಎಲ್ಲಾ ಚೀಟಿನೂ ಕಡ್ಯಾಕ ಬರ್ಯಂಗಿಲ್ಲ, ಯುಬಿಕ್ವಿಟಿನ್ ಸರಪಳಿ ಬ್ಯಾರೆ ಥರ ಕೂಡಿಸಿದ್ರ ಸಿಗ್ನಲ್ ಕಳಿಸಾಕ ಆಕ್ಕೈತಿ, ಹಂಗಾಗಿ ಪೇಪರಿನ್ಯಾಗ ಕೆ48 ಅಂತ ಬರದಾರೋ ಕೆ63 ಅಂತೋ (ಸರಪಳಿ ಕೂಡಿಸಿದ ಜಾಗದ ಹೆಸರು) ನೋಡ್ಕೋರಿ. ಕೆ48 ಇದ್ರ ಸಾಮಾನ್ಯವಾಗಿ ಫ್ಯಾಕ್ಟರಿ ದಾರಿ.

ಈ ಚೀಟಿಗೂ ಕ್ಯಾನ್ಸರಿಗೂ ಏನು ಸಂಬಂಧ ಅಂದ್ರ ದೊಡ್ಡ ಕಳ್ಳಿನ (ಕರುಳಿನ, ಕೋಲನ್) ಕ್ಯಾನ್ಸರ್ ನೋಡ್ರಿ. ಬೀಟಾ-ಕ್ಯಾಟೆನಿನ್ ಅನ್ನೋ ಪ್ರೋಟೀನು ಸೆಲ್ಲಿಗೆ ‘ಬೆಳಿ ಬೆಳಿ’ ಅಂತ ಹೇಳೋದು, ಮಾಮೂಲಿ ದಿನ ಅದನ್ನ ಕಡದು ಕಡದು ಕಮ್ಮಿ ಇಟ್ಟಿರ್ತಾವ. ಎಪಿಸಿ ಅನ್ನೋ ಪ್ರೋಟೀನು ಅದನ್ನ ಹಿಡದು ನಿಲ್ಲಿಸ್ತೈತಿ, ಸಿಕೆ1 ಮತ್ತ ಜಿಎಸ್‌ಕೆ3 ಅನ್ನೋ ಕೈನೇಸು ಫಾಸ್ಫೇಟ್ ಹಚ್ತಾವ, ಆ ಫಾಸ್ಫೇಟ್ ನೋಡಿನ ಬೀಟಾ-ಟಿಆರ್‌ಸಿಪಿ ಅನ್ನೋ ಇ3 ಬಂದು ಚೀಟಿ ಹಚ್ಚತೈತಿ. ಹೊಲಕ್ಕ ಸುಣ್ಣದ ಗೀಟು ಎಳದ ಮ್ಯಾಲ ಫೀಲ್ಡ್‌ಮನ್ ಬಂದಂಗ. ಕೋಲನ್ ಕ್ಯಾನ್ಸರ್‌ದಾಗ ಹೆಚ್ಚಿನವ್ರಿಗೆ ಎಪಿಸಿ ಜೀನ್ ಕೆಟ್ಟಿರ್ತೈತಿ, ಗೀಟು ಬೀಳಂಗಿಲ್ಲ, ಚೀಟಿ ಬರಂಗಿಲ್ಲ, ಕಬ್ಬು ನಿಂತ ಬಿಡ್ತೈತಿ. ಈಗ ವಿಚಾರ ಮಾಡ್ರಿ, ಇಲ್ಲಿ ಇ3 ಚಲೋ ಐತಿ, ಕೈನೇಸು ಚಲೋ ಅದಾವ, ಕೆಟ್ಟಿದ್ದು ನಡುವಿನ ಮನುಷ್ಯಾ. ಬರೇ ‘ಬೀಟಾ-ಟಿಆರ್‌ಸಿಪಿ ಎಷ್ಟು ಐತಿ’ ಅಂತ ಅಳದ್ರ ಏನು ತಿಳೀತೈತಿ? ಎಂಜೈಮ್ ಎಷ್ಟೈತಿ ಅನ್ನೋದಕ್ಕೂ ಅದು ಕೆಲಸ ಮಾಡಾಕತ್ತೈತೋ ಇಲ್ಲೋ ಅನ್ನೋದಕ್ಕೂ ಭಾಳ ಅಂತರ ಐತಿ.

ಈಗ ಎಡಗಡಿ ಕಾಲಮ್ಮು, ಗುರುತು. ಮದ್ಲನೇ ಪ್ರಶ್ನೆ, ಅಳದಿದ್ದು ಏನು? ಭಾಳಷ್ಟು ಪೇಪರಿನ ಮದ್ಲನೇ ಫಿಗರ್ ಕೆಂಪು ಡಬ್ಬಿ, ಕರೇ ಡಬ್ಬಿ, ‘ಟ್ಯೂಮರ್‌ದಾಗ ಹೆಚ್ಚು, ನಾರ್ಮಲ್‌ದಾಗ ಕಮ್ಮಿ’, ಅದು ಆರ್‌ಎನ್‌ಎ. ಟಿಸಿಜಿಎ ಅನ್ನೋ ಅಮೆರಿಕಾದ ಪುಕ್ಕಟೆ ಡೇಟಾದಿಂದ ಐದು ನಿಮಿಷದಾಗ ಆ ಫಿಗರ್ ತಗೀಬಹುದು, ನೀವೂ ತಗೀಬಹುದು. ಆದ್ರ ಆರ್‌ಎನ್‌ಎ ಅಂದ್ರ ಬಿತ್ತಿದ ಲೆಕ್ಕ, ಪ್ರೋಟೀನ್ ಅಂದ್ರ ನಿಂತ ಬೆಳಿ ಲೆಕ್ಕ, ನಾವು ಮಾತಾಡಾಕತ್ತಿದ್ದ ಕಟಾವಿನ ವಿಷಯ ಅಂದ ಮ್ಯಾಲ ಬಿತ್ತಿದ್ದನ್ನ ಎಣಿಸಿ ಏನು ಮಾಡೋದು? ಪಿ53 ನೋಡ್ರಿ, ಮಾಮೂಲಿ ಸೆಲ್ಲಿನ್ಯಾಗ ಎಂಡಿಎಂ2 ಅನ್ನೋ ಇ3 ಅದನ್ನ ಕಡಸ್ತಾನ ಇರ್ತೈತಿ, ಮ್ಯುಟೇಶನ್ ಆದ ಪಿ53 ಎಷ್ಟೋ ಸಲ ಕಡೀಲಾರದ ಕೂಡಿ ಕೂಡಿ ನ್ಯೂಕ್ಲಿಯಸ್ ತುಂಬ ನಿಲ್ತೈತಿ, ಸ್ಲೈಡಿನ್ಯಾಗ ಕಂದು ಬಣ್ಣ ಗಚ್ಚ ಕಾಣ್ತೈತಿ, ಆದ್ರ ಆರ್‌ಎನ್‌ಎ ನೋಡಿದ್ರ ಅಂಥಾದ್ದೇನೂ ಇರಂಗಿಲ್ಲ. ಹಂಗಾಗಿ ಬರೇ ಆರ್‌ಎನ್‌ಎ ಫಿಗರಿಗೆ ಅರ್ಧ ಮಾರ್ಕ್ಸ್ ಕೊಡ್ರಿ.

ಎರಡನೇದು ಸ್ಟೇನಿಂಗ್, ಇದು ನನ್ನ ಹೊಟ್ಟಿಪಾಡು, ಇಲ್ಲಿ ತುಸು ಉದ್ದ ಆಕ್ಕೈತಿ, ಸಹಿಸ್ಕೋರಿ. ಐಎಚ್‌ಸಿ ಅಂದ್ರ ಮೇಣದ ಬ್ಲಾಕಿನಿಂದ ಮೂರು ನಾಕು ಮೈಕ್ರಾನ್ ಪದರ ಕತ್ತರಿಸಿ, ಆ್ಯಂಟಿಬಾಡಿ ಹಾಕಿ, ಎಲ್ಲಿ ಆ ಪ್ರೋಟೀನ್ ಐತೋ ಅಲ್ಲಿ ಡಿಎಬಿ ಅನ್ನೋದು ಕಂದು ಬಣ್ಣ ಬಿಡಂಗ ಮಾಡೋದು. ಕೇಳಾಕ ಸಸಾರ. ಆದ್ರ ಬಯಾಪ್ಸಿ ತುಂಡು ಫಾರ್ಮಲಿನ್‌ನ್ಯಾಗ ಕಮ್ಮಿ ಅಂದ್ರ 6 ತಾಸು, ಹೆಚ್ಚು ಅಂದ್ರ 72 ತಾಸು ಇರಬೇಕು ಅಂತ ಲೆಕ್ಕ. ನಮ್ಮ ಕಡಿ ಏನಾಕ್ಕೈತಿ ಅಂದ್ರ ಶನಿವಾರ ಮಧ್ಯಾಹ್ನ ತಗದಿದ್ದು ಮಂಗಳವಾರ ಸಂಜಿಗೆ ಬಸ್ಸಿನ ಪಾರ್ಸಲ್‌ನ್ಯಾಗ ಬರ್ತೈತಿ. ಒಂದು ಸಲ ಒಂದು ದವಾಖಾನಿಯಿಂದ ತುಂಡು ಸಲೈನ್ ಬಾಟ್ಲ್ಯಾಗ ಹಾಕಿ ಕಳಿಸಿದ್ರು, ಮುಚ್ಚಳ ತಗದ ಕೂಡ್ಲೆ ವಾಸನಿಗೇ ಗೊತ್ತಾತು, ತುಂಡು ತಾನ ಕರಗಾಕತ್ತಿತ್ತು, ಆ ಅಜ್ಜಗ ಮತ್ತ ಎಂಡೋಸ್ಕೋಪಿ ಮಾಡಬೇಕಾತು. ಅಂಥಾ ತುಂಡಿನ್ಯಾಗ ಎಂಜೈಮ್ ಕಮ್ಮಿ ಕಂಡ್ರ ಅದು ರೋಗದ ಸುದ್ದಿನೋ ಬಾಟ್ಲಿ ಸುದ್ದಿನೋ? ಫಾಸ್ಫೇಟ್ ಹಚ್ಚಿದ ರೂಪಾನ ನೋಡೋ ಆ್ಯಂಟಿಬಾಡಿ ಇದ್ರಂತೂ ಇನ್ನೂ ನಾಜೂಕು, ತುಂಡು ದೇಹದಿಂದ ಕತ್ತರಿಸಿದ ಕೂಡ್ಲೆ ಅದರೊಳಗಿನ ಫಾಸ್ಫಟೇಸು ತಮ್ಮ ಕೆಲಸ ಶುರು ಮಾಡಿರ್ತಾವ, ಫಾರ್ಮಲಿನ್ ಒಳಗ ಇಳಿಯೋದ್ರಾಗ ಗುರುತು ಅಳಿಸಿ ಹೋಗಿರ್ತೈತಿ. ಅದಕ್ಕ ಮೆಥಡ್ಸ್ ಭಾಗದಾಗ ಯಾವ ಆ್ಯಂಟಿಬಾಡಿ, ಯಾವ ಕಂಟ್ರೋಲ್, ಎಷ್ಟು ಮಂದಿ ಪ್ಯಾಥಾಲಜಿಸ್ಟ್ ನೋಡ್ಯಾರ, ಪೇಶಂಟ್ ಹೆಸರು ಮುಚ್ಚಿ ನೋಡ್ಯಾರೋ ಇಲ್ಲೋ ಅಂತ ಹುಡುಕ್ರಿ. ಬರದಿಲ್ಲ ಅಂದ್ರ ಹಾಳಿ ಮ್ಯಾಲ ‘ಬರದಿಲ್ಲ’ ಅಂತ ಬರೀರಿ, ಅದೂ ಒಂದು ಉತ್ತರ.

ಜಗತ್ತು ಒಪ್ಪಿದ ಗುರುತು ಹೆಂಗಿರ್ತೈತಿ ಅಂದ್ರ ಹೊಟ್ಟಿ ಕ್ಯಾನ್ಸರಿನ ಹರ್‌2. ಅದೂ ಒಂದು ಕೈನೇಸು, ಸೆಲ್ಲಿನ ಪರದಿ ಮ್ಯಾಲ ಕುಂತಿರೋದು. ಸೊನ್ನಿ, 1+, 2+, 3+ ಅಂತ ಸ್ಕೋರು, 3+ ಬಂದ್ರ ಪಾಸಿಟಿವ್, 2+ ಬಂದ್ರ ಫಿಶ್ ಟೆಸ್ಟ್ ಮಾಡಿ ಜೀನ್ ಎಣಿಸಬೇಕು. ಬ್ರೆಸ್ಟ್‌ನ್ಯಾಗ ಸೆಲ್ಲಿನ ಸುತ್ತೂ ಬಣ್ಣ ಬೇಕು, ಹೊಟ್ಟ್ಯಾಗ ಕುದುರಿ ಲಾಳದಂಗ ಮೂರು ಕಡಿ ಬಣ್ಣ ಬಂದ್ರೂ ನಡೀತೈತಿ, ಯಾಕಂದ್ರ ಹೊಟ್ಟಿ ಸೆಲ್ಲು ಒಂದು ಬಾಯಿ ಒಳಗಡಿ ತಗದು ಕುಂತಿರ್ತಾವ. ಅಷ್ಟಲ್ಲದ ಒಂದ ಗಡ್ಡ್ಯಾಗ ಒಂದು ಮೂಲಿ 3+, ಇನ್ನೊಂದು ಮೂಲಿ ಸೊನ್ನಿ ಇರ್ತೈತಿ, ಅದಕ್ಕ ಎಂಡೋಸ್ಕೋಪಿಯಾಗ ಐದಾರು ತುಂಡರ ತಗೀರಿ ಅಂತಾರ. 2010ರಾಗ ಟೋಗಾ ಅನ್ನೋ ಟ್ರಯಲ್ ಬಂತು, ಹರ್‌2 ಪಾಸಿಟಿವ್ ಇದ್ದಾವ್ರಿಗೆ ಕೀಮೋ ಜೋಡಿ ಟ್ರಾಸ್ಟುಜುಮ್ಯಾಬ್ ಕೊಟ್ರ ಮೀಡಿಯನ್ (ಸಾಲಿನ ನಟ್ಟನಡುವಿನ ರೋಗಿಯ) ಬದುಕು 11.1 ತಿಂಗಳಿದ್ದಿದ್ದು 13.8 ಆತು. ಓದಾಕ ಸಣ್ಣ ಅಂಕಿ ಅನಸ್ತೈತಿ, ಇಷ್ಟ ಏನು ಅಂತೀರಿ, ಆದ್ರ ಇಷ್ಟಕ್ಕ ಎಷ್ಟು ಕೆಲಸ ಹಿಡೀತು ಅನ್ನೋದು ಗೊತ್ತಿದ್ರ ‘ಹೊಸ ಎಂಜೈಮ್ ಸಿಕ್ಕೈತಿ’ ಅನ್ನೋ ಸುದ್ದಿಗೆ ಲಗೂನ ಕುಣ್ಯಂಗಿಲ್ಲ.

ರಕ್ತದ ಟೆಸ್ಟ್ ಇದ್ರ ಒಂದು ಲೆಕ್ಕ ಮಾಡ್ರಿ, ಕ್ಯಾಲ್ಕ್ಯುಲೇಟರ್ ಬ್ಯಾಡ. ಪೇಪರಿನ್ಯಾಗ 90% ಸೆನ್ಸಿಟಿವಿಟಿ (ರೋಗ ಇದ್ದಾವ್ರನ್ನ ಹಿಡಿಯೋದು), 90% ಸ್ಪೆಸಿಫಿಸಿಟಿ (ರೋಗ ಇಲ್ಲದವ್ರಿಗೆ ಇಲ್ಲ ಅನ್ನೋದು) ಅಂತ ಬರದೈತಿ ಅನ್ರಿ. ವಿಜಯಪುರದ ಒಂದು ಬಡಾವಣ್ಯಾಗ 10,000 ಮಂದಿಗೆ ಟೆಸ್ಟ್ ಮಾಡಿದ್ರಿ, ಅವರೊಳಗ ಸಾವಿರಕ್ಕ ಒಬ್ಬರಂಗ 10 ಮಂದಿಗೆ ಖರೇನ ರೋಗ ಐತಿ ಅಂತ ಹಿಡೀರಿ. 9 ಮಂದಿ ಸಿಕ್ಕರು, ಚಲೋ. ಆದ್ರ ಉಳದ 9,990 ಮಂದ್ಯಾಗ ನೂರಕ್ಕ ಹತ್ತರಂಗ 999 ಮಂದಿಗೆ ಸುಳ್ಳ ಪಾಸಿಟಿವ್. ಒಟ್ಟು 1,008 ಮಂದಿ ಗಾಬರಿ ಆಗಿ ದವಾಖಾನಿ ಮುಂದ ಪಾಳಿ ಹಚ್ತಾರ, ಖರೇ ರೋಗಿ 9. ಪೇಪರಿನ್ಯಾಗ ಇದು ಯಾಕ ಕಾಣಂಗಿಲ್ಲ ಅಂದ್ರ ಅವರು ಅರ್ಧ ರೋಗಿ ಅರ್ಧ ಆರೋಗ್ಯವಂತರನ್ನ ತಗೊಂಡು ಲೆಕ್ಕ ಮಾಡಿರ್ತಾರ, ಊರಾಗ ಅರ್ಧ ಮಂದಿಗೆ ಕ್ಯಾನ್ಸರ್ ಇರ್ತೈತೇನು? ಎಲ್ಲಾರೂ ಮಾಡಸೋ ಸಿಇಎ ಅನ್ನೋ ರಕ್ತದ ಗುರುತು ಸೈತ ಬೀಡಿ ಸಿಗರೇಟ್ ಸೇದಾವ್ರಿಗೆ ಏರ್ತೈತಿ, ಸಿಎ 19-9 ಪಿತ್ತನಾಳ ಕಟ್ಟಿ ಕಾಮಣಿ ಆದ್ರ ಏರ್ತೈತಿ, ಇನ್ನ ಕೆಲವರ ದೇಹ ಹುಟ್ಟಿನಿಂದನ ಸಿಎ 19-9 ತಯಾರ ಮಾಡಂಗಿಲ್ಲ. ಅವೆರಡೂ ಎಂಜೈಮ್ ಅಲ್ಲ ಬಿಡ್ರಿ, ಆದ್ರ ಲಿವರ್ ಕ್ಯಾನ್ಸರಿನ ಪಿವ್ಕಾ-2 ನಮ್ಮ ವಿಷಯಕ್ಕ ಸಮೀಪ: ಪ್ರೋಥ್ರೋಂಬಿನ್‌ಗೆ ವಿಟಮಿನ್-ಕೆ ಹಿಡ್ಕೊಂಡು ಕಾರ್ಬಾಕ್ಸಿಲ್ ಹಚ್ಚೋ ಎಂಜೈಮಿನ ಕೆಲಸ ಅರ್ಧಕ್ಕ ನಿಂತ್ರ ಆ ಅರೆಬೆಂದ ಪ್ರೋಟೀನು ರಕ್ತಕ್ಕ ಬರ್ತೈತಿ, ಅದ ಗುರುತು. ಅದೂ ವಾರ್ಫರಿನ್ ಗುಳಿಗಿ ತಗೊಳ್ಳಾವ್ರಿಗೆ ಸುಮ್ನ ಏರ್ತೈತಿ.

ಸರ್ವೈವಲ್ ಕರ್ವ್ (ಎಷ್ಟು ಮಂದಿ ಎಷ್ಟು ದಿನ ಬದುಕಿದ್ರು ಅನ್ನೋ ಗೆರಿ) ಬಗ್ಗೆ ಒಂದ ಮಾತು. ‘ಹೆಚ್ಚು’ ‘ಕಮ್ಮಿ’ ಅಂತ ಎರಡು ಗುಂಪು ಮಾಡ್ಯಾರಲ್ಲ, ಗೀಟು ಎಲ್ಲಿ ಹೊಡದಾರ ನೋಡ್ರಿ. ‘ಬೆಸ್ಟ್ ಕಟಾಫ್’ ಅಂತ ಇದ್ರ ಗೀಟನ್ನ ಇಪ್ಪತ್ತು ಕಡಿ ಸರಸಿ ಚಲೋ ಕಾಣೋ ಕಡಿ ನಿಲ್ಲಿಸ್ಯಾರ ಅಂತ ಅರ್ಥ, ಬಾಣ ಬಿಟ್ಟ ಮ್ಯಾಲ ಅದರ ಸುತ್ತ ವೃತ್ತ ಬರದಂಗ. ಬ್ಯಾರೆ ಊರಿನ ಬ್ಯಾರೆ ರೋಗಿಗಳ ಮ್ಯಾಲ ಅದ ಗೀಟು ನಿಂತ್ರ ಮಾತ್ರ ಎಡಕ್ಕ ರೈಟ್ ಹಾಕ್ರಿ.

ಬಲಗಡಿ ಕಾಲಮ್ಮು, ಗುರಿ. ಇಲ್ಲಿ ಮೋಸ ಹೋಗೋದು ಇನ್ನೂ ಸಸಾರ. ಪೇಪರಿನ್ಯಾಗ ಏನಿರ್ತೈತಿ, ಸೆಲ್ಲಿನ್ಯಾಗ ಆ ಎಂಜೈಮ್ ತಯಾರ ಆಗದಂಗ ಎಸ್‌ಐ-ಆರ್‌ಎನ್‌ಎ (siRNA) ಹಾಕಿದ್ವಿ, ಸೆಲ್ಲು ಬೆಳೀಲಿಲ್ಲ, ಅಂದ್ರ ಇದು ಟಾರ್ಗೆಟ್. ತಡೀರಿ. ಮೋಟರಿನ ಯಾವ ನಟ್ ಬಿಚ್ಚಿದ್ರೂ ನೀರು ನಿಲ್ತೈತಿ. ಕೇಳಬೇಕಾದ್ದು ಏನಂದ್ರ, ಎಂಜೈಮಿನ ಕತ್ರಿ ಬಾಯಿ ಅಷ್ಟ ಕೆಡಿಸಿ ನೋಡ್ಯಾರೇನು? ಯುಎಸ್‌ಪಿಗೆ ಕೆಲಸ ಮಾಡೋ ಜಾಗದಾಗ ಒಂದು ಸಿಸ್ಟೀನ್ ಇರ್ತೈತಿ, ಅದೊಂದನ್ನ ಅಲನೀನ್‌ಗೋ ಸೀರೀನ್‌ಗೋ ಬದಲ ಮಾಡಿದ್ರ ಪ್ರೋಟೀನ್ ನಿಂತಿರ್ತೈತಿ, ಕೆಲಸ ಮಾಡಂಗಿಲ್ಲ. ಎಂಜೈಮ್ ತಗದ ಸೆಲ್ಲಿಗೆ ಚಲೋದನ್ನ ವಾಪಸ್ ಕೊಟ್ರ ಮತ್ತ ಬೆಳೀಬೇಕು, ಕೆಡಿಸಿದ್ದು ಕೊಟ್ರ ಬೆಳೀಬಾರದು. ಈ ಎರಡೂ ಇದ್ರ ಅದು ಗಟ್ಟಿ ಪುರಾವಿ, ಯಾಕಂದ್ರ ಔಷಧದ ಗುಳಿಗಿ ಸಾಮಾನ್ಯವಾಗಿ ಆ ಬಾಯಿ ಮುಚ್ಚತೈತಿ, ಇಡೀ ಪ್ರೋಟೀನ್ ಮಾಯ ಮಾಡಂಗಿಲ್ಲ. (ಪ್ರೊಟ್ಯಾಕ್ ಅಂತ ಹೊಸ ನಮೂನಿ ಔಷಧ ಅದನ್ನೂ ಮಾಡ್ತೈತಿ, ಫೀಲ್ಡ್‌ಮನ್‌ನ ಕೈ ಹಿಡ್ಕೊಂಡು ಹೋಗಿ ಬ್ಯಾರೆ ಹೊಲಕ್ಕ ಚೀಟಿ ಹಚ್ಚಿಸಿದಂಗ. ಅದು ಇನ್ನೊಂದಿನ ಬರೀತೀನಿ.)

ಆಮ್ಯಾಲ ಸೆಲ್ ಲೈನಿನ (ಲ್ಯಾಬಿನ್ಯಾಗ ಬೆಳಸ್ಕೋತ ಬಂದ ಸೆಲ್ಲಿನ) ಹೆಸರು ನೋಡ್ರಿ, ಇದನ್ನ ಯಾರೂ ಹೇಳಿಕೊಡಂಗಿಲ್ಲ. ಹೊಟ್ಟಿ ಕ್ಯಾನ್ಸರ್ ಪೇಪರಿನ್ಯಾಗ ಎಸ್‌ಜಿಸಿ-7901, ಬಿಜಿಸಿ-823, ಎಂಜಿಸಿ-803 ಅಂತ ಇದ್ರ ನಿಲ್ರಿ. ಇವು ಹೊಟ್ಟಿ ಸೆಲ್ಲು ಅಂತ ಹೆಸರಾಗಿದ್ವು, ಡಿಎನ್‌ಎ ತಪಾಸಣಿ ಮಾಡಿದಾಗ ಹೀಲಾ ಸೆಲ್ಲು ಕಲತಾವ ಅಂತ ತಿಳೀತು, ಹೀಲಾ ಅಂದ್ರ ಗರ್ಭಕೊರಳಿನ ಕ್ಯಾನ್ಸರಿಂದು. ಎಂಕೆಎನ್-28 ಅನ್ನೋದು ಖರೇ ಎಂಕೆಎನ್-74. ಐಸಿಎಲ್‌ಎಸಿ ಅಂತ ಒಂದು ಸಮಿತಿ ಇಂಥಾ ಕಲಬೆರಕಿ ಸೆಲ್ಲಿನ ಪಟ್ಟಿ ಪುಕ್ಕಟೆ ಇಟ್ಟೈತಿ, ಹುಡುಕಿ ನೋಡಾಕ ಎರಡು ನಿಮಿಷ. ಇಲಿ ಫಿಗರಿನ್ಯಾಗೂ ಹಂಗ, ಇಮ್ಯುನಿಟಿ ಇಲ್ಲದ ಇಲಿ ಚರ್ಮದ ಕೆಳಗ ಗಡ್ಡಿ ಬೆಳಸಿರ್ತಾರ. ಸುಳ್ಳಂತ ಅಲ್ಲ, ಆದ್ರ ಅಲ್ಲಿ ಹೊಟ್ಟಿ ಇಲ್ಲ, ಆ್ಯಸಿಡ್ ಇಲ್ಲ, ಟಿ-ಸೆಲ್ ಇಲ್ಲ.

ಗುರುತು ಇದ್ದು ಗುರಿ ಆಗದಿದ್ದಕ್ಕ ದೊಡ್ಡ ಕತಿ ಎಂಎಂಪಿ. ಅವು ಸೆಲ್ಲಿನ ಸುತ್ತಿನ ಬೇಲಿ ಕಡಿಯೋ ಪ್ರೋಟಿಯೇಸು, ಗಡ್ಡ್ಯಾಗ ಹೆಚ್ಚು, ಹೆಚ್ಚಿದ್ದಾವ್ರು ಲಗೂನ ಸಾಯ್ತಾರ, ಎಲ್ಲಾ ಸರಿ ಇತ್ತು. ಮರಿಮಾಸ್ಟ್ಯಾಟ್ ಅಂತ ಗುಳಿಗಿ ಮಾಡಿ ಪ್ಯಾಂಕ್ರಿಯಾಸ್, ಹೊಟ್ಟಿ ಕ್ಯಾನ್ಸರಿನ ದೊಡ್ಡ ಟ್ರಯಲ್ ಮಾಡಿದ್ರು, ಆಸೆ ಇಟ್ಟಷ್ಟು ಲಾಭ ಸಿಗಲಿಲ್ಲ, ಉಲ್ಟಾ ಸಂದು ಸಂದು ನೋವು ಹಿಡೀತು, 2000ದ ಸುಮಾರಿಗೆ ಆ ಇಡೀ ದಾರಿ ತಣ್ಣಗಾತು. ಎಂಎಂಪಿ ಇಪ್ಪತ್ತಕ್ಕಿಂತ ಹೆಚ್ಚು ಅದಾವ, ಕೆಲವು ನಮ್ಮ ಕಡಿನ ಕೆಲಸ ಮಾಡ್ತಾವ, ಎಲ್ಲಾದರ ಬಾಯಿನೂ ಒಮ್ಮೆಲೇ ಮುಚ್ಚಿದ್ರ ಹಂಗ ಆಗೋದ. ಡಿಯುಬಿ ಮ್ಯಾಲ ಈಗ ಬರೋ ಪೇಪರ್ ಓದುವಾಗ ನಂಗ ಇದ ನೆನಪಾಗ್ತೈತಿ. ಡಿಯುಬಿ ತಡಿಯೋ ಔಷಧ ಒಂದೂ ಇನ್ನೂ ಕ್ಯಾನ್ಸರಿಗೆ ಮಂಜೂರಾಗಿ ಬಂದಿಲ್ಲ. ಚೀಟಿ ಯವಸ್ಥಾದ ಮ್ಯಾಲ ಬಂದ ಮದ್ಲನೇ ಔಷಧ ಬೋರ್ಟೆಜೊಮಿಬ್, ಅದು ಫ್ಯಾಕ್ಟರಿನ ಬಂದ್ ಮಾಡೋದು, 2003ರಾಗ ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರಿಗೆ ಬಂತು, ಹೊಟ್ಟಿ-ಕಳ್ಳಿನ ಗಡ್ಡಿಗೆ ಅದು ನಡೀಲಿಲ್ಲ.

ಇನ್ನ ಸೆಟುಕ್ಸಿಮ್ಯಾಬ್ ಕತಿ. ನನ್ನ ಪ್ರಕಾರ ಪ್ರತಿಯೊಬ್ಬ ವಿದ್ಯಾರ್ಥಿಗೆ ಇದೊಂದನ್ನ ಹೇಳಿಕೊಟ್ರ ಸಾಕು. ಇಜಿಎಫ್‌ಆರ್ ಅಂತ ಕೈನೇಸು, ಅದರ ಮ್ಯಾಲ ಕುಂಡ್ರೋ ಆ್ಯಂಟಿಬಾಡಿ ಔಷಧ ಸೆಟುಕ್ಸಿಮ್ಯಾಬ್, 2004ರಾಗ ಅಮೆರಿಕಾದಾಗ ಹಬ್ಬಿದ ಕೋಲನ್ ಕ್ಯಾನ್ಸರಿಗೆ ಮಂಜೂರಾತು, ಕಂಡೀಶನ್ ಏನಪಾ ಅಂದ್ರ ಗಡ್ಡ್ಯಾಗ ಇಜಿಎಫ್‌ಆರ್ ಸ್ಟೇನ್ ಪಾಸಿಟಿವ್ ಇರಬೇಕು. ಎಷ್ಟು ಸಹಜ ಅನಸ್ತೈತಲ್ಲ? ಗುರಿ ಇದ್ದಾವ್ರಿಗೆ ಬಾಣ. ಆದ್ರ ಸ್ಟೇನ್ ಗಚ್ಚ ಇದ್ದ ಎಷ್ಟೋ ಮಂದಿಗೆ ಔಷಧ ಹತ್ತಲಿಲ್ಲ, ಸ್ಟೇನ್ ಇಲ್ಲದ ಕೆಲವರಿಗೆ ಹತ್ತಿತು. ಉತ್ತರ ಸಿಕ್ಕಿದ್ದು ಕೆಳಗಿನ ಮನ್ಯಾಗ: ಕೆರಾಸ್ ಅನ್ನೋ ಸಣ್ಣ ಎಂಜೈಮು ಇಜಿಎಫ್‌ಆರ್‌ನಿಂದ ಸಿಗ್ನಲ್ ತಗೊಳ್ಳೋದು, ಅದು ಮ್ಯುಟೇಶನ್ ಆಗಿ ತಾನ ಹತ್ತಿ ಉರ್ಯಾಕತ್ತಿದ್ರ ಮ್ಯಾಲಿನ ಸ್ವಿಚ್ ಆರಿಸಿ ಏನು ಉಪಯೋಗ? 2009ರಾಗ ಲೇಬಲ್ ಬದಲ ಆತು, ಈಗ ಕೋಲನ್ ಕ್ಯಾನ್ಸರಿಗೆ ರಾಸ್ (ಕೆರಾಸ್ ಮತ್ತ ಅದರ ಅಣ್ಣತಮ್ಮ) ಟೆಸ್ಟ್ ಮಾಡದ ಆ ಇಂಜೆಕ್ಷನ್ ಕೊಡಂಗಿಲ್ಲ, ಹಬ್ಬಿದ ಕೋಲನ್ ಕ್ಯಾನ್ಸರ್‌ದಾಗ ಸುಮಾರು 40% ಮಂದಿಗೆ ಕೆರಾಸ್ ಮ್ಯುಟೇಶನ್ ಇರ್ತೈತಿ. ಅಂದ್ರ ಗುರಿ ಇಜಿಎಫ್‌ಆರ್, ಗುರುತು ಮಾತ್ರ ರಾಸ್. ನಾ ಹಾಳಿ ನಡುವ ಗೀಟು ಹೊಡೀರಿ ಅಂದಿದ್ದು ಇದರ ಸಂಬಂಧ.

ಬಿರಾಫ್ ಅನ್ನೋ ಕೈನೇಸಿಂದೂ ಇಂಥಾದ್ದ. ವಿ600ಇ ಅನ್ನೋ ಅದ ಮ್ಯುಟೇಶನ್, ಚರ್ಮದ ಮೆಲನೋಮಾದಾಗ ವೆಮುರಾಫೆನಿಬ್ ಗುಳಿಗಿ 2011ರಾಗ ಜಾದು ಮಾಡಿತು, ಕೋಲನ್‌ದಾಗ ಒಂಟಿ ಕೊಟ್ರ ಏನೂ ಆಗಲಿಲ್ಲ. ಕೋಲನ್ ಸೆಲ್ಲಿನ್ಯಾಗ ಬಿರಾಫ್ ಮುಚ್ಚಿದ ಕೂಡ್ಲೆ ಇಜಿಎಫ್‌ಆರ್ ಹಿಂಬಾಗಿಲ ತಗೀತೈತಿ. ಎರಡೂ ಬಾಗಿಲ ಕೂಡೇ ಮುಚ್ಚಿದ್ರ ನಡೀತು, ಎನ್‌ಕೊರಾಫೆನಿಬ್ ಜೋಡಿ ಸೆಟುಕ್ಸಿಮ್ಯಾಬ್, 2020ರಾಗ ಮಂಜೂರು. ಹಂಗಾಗಿ ‘ಬ್ಯಾರೆ ಕ್ಯಾನ್ಸರ್‌ದಾಗ ಇದು ಟಾರ್ಗೆಟ್ ಅಂತ ತೋರಸ್ಯಾರ’ ಅನ್ನೋ ಸಾಲು ಪೇಪರಿನ್ಯಾಗ ಬಂದ್ರ ಬಲಕ್ಕ ರೈಟ್ ಹಾಕಬ್ಯಾಡ್ರಿ.

ಎರಡೂ ಕಾಲಮ್ಮು ತುಂಬಿದ್ದಕ್ಕ ಉದಾಹರಣಿ ಗಿಸ್ಟ್, ಹೊಟ್ಟಿ-ಕಳ್ಳಿನ ಗೋಡಿ ಸ್ನಾಯುವಿನ್ಯಾಗ ಬರೋ ಗಡ್ಡಿ. ಕಿಟ್ ಅನ್ನೋ ಕೈನೇಸ್ ಕೆಟ್ಟು ಇಪ್ಪತ್ನಾಕು ತಾಸೂ ಚಾಲೂ ಇರ್ತೈತಿ, ಇಮಾಟಿನಿಬ್ ಗುಳಿಗಿ ಅದನ್ನ ಮುಚ್ಚತೈತಿ, 2002ರಾಗ ಗಿಸ್ಟ್‌ಗೆ ಬಂತು, ಅದಕ್ಕಿಂತ ಮದ್ಲ ಕೀಮೋ ಹಾಕಿದ್ರ ನೀರು ಹಾಕಿದಂಗ ಇತ್ತು. ಜಮಖಂಡಿಯ ನಮ್ಮ ದೂರದ ಕಾಕಾ ಒಬ್ಬರ ರಿಪೋರ್ಟಿನ್ಯಾಗ ‘ಸಿಡಿ117 ಪಾಸಿಟಿವ್, ಡಾಗ್1 ಪಾಸಿಟಿವ್’ ಅಂತ ಬಂದಿತ್ತು, ಮಗ ‘ಎರಡೆರಡು ಪಾಸಿಟಿವ್ ಅದಾವ, ಡಬಲ್ ಕ್ಯಾನ್ಸರ್ ಏನ್ರಿ’ ಅಂತ ಅಳಕೋತ ಫೋನ್ ಮಾಡಿದ್ದ. ಸಿಡಿ117 ಅಂದ್ರ ಕಿಟ್‌ದ ಇನ್ನೊಂದು ಹೆಸರು ಅಷ್ಟ, ಡಾಗ್1 ಅದ ಗಡ್ಡಿಯ ಇನ್ನೊಂದು ಗುರುತು, ಆ ಪಾಸಿಟಿವ್‌ನಿಂದನ ಗಡ್ಡಿ ಜಾತಿ ತಿಳದು ಗುಳಿಗಿ ದಾರಿ ಸಿಕ್ಕಿತು, ಕಾಕಾ ದಿನಾ 400 ಮಿಲಿಗ್ರಾಂ ನುಂಗಿ ಈಗೂ ಎಮ್ಮಿ ಹಾಲು ಹಿಂಡ್ತಾರ. ಆದ್ರ ಇಲ್ಲೂ ತುಸು ತೊಡಕು ಐತಿ: ಪಿಡಿಜಿಎಫ್‌ಆರ್‌ಎ ಅನ್ನೋ ಅಣ್ಣತಮ್ಮ ಕೈನೇಸಿನ್ಯಾಗ ಡಿ842ವಿ ಮ್ಯುಟೇಶನ್ ಇದ್ರ ಇಮಾಟಿನಿಬ್ ನಡ್ಯಂಗಿಲ್ಲ, ಬ್ಯಾರೆ ಗುಳಿಗಿ ಬೇಕು, ಸ್ಟೇನ್ ಪಾಸಿಟಿವ್ ಐತಿ ಅಂದ ಮಾತ್ರಕ್ಕ ಮುಗೀಲಿಲ್ಲ, ಜೀನ್ ಟೆಸ್ಟ್ ಕೇಳಬೇಕು.

ಮನಿ ಮಂದಿ ಓದಾಕತ್ತಿದ್ರ ಇಷ್ಟ ಹೇಳ್ತೀನಿ. ಡಾಕ್ಟರಿಗೆ ‘ಇಂಟರ್ನೆಟ್‌ನ್ಯಾಗ ಹೊಸ ಎಂಜೈಮ್ ಬಂದೈತಲ್ರಿ’ ಅಂತ ಕೇಳೋ ಬದಲಿ ‘ನಮ್ಮ ತುಂಡಿನ ಮ್ಯಾಲ ಹರ್‌2, ಎಂಎಂಆರ್ (ಡಿಎನ್‌ಎ ತಪ್ಪು ತಿದ್ದೋ ಪ್ರೋಟೀನು), ರಾಸ್, ಬಿರಾಫ್ ಇವುಗಳೊಳಗ ಯಾವುದು ಬೇಕಾಗ್ತೈತ್ರಿ, ಯಾವುದು ಆಗೇತಿ’ ಅಂತ ಕೇಳ್ರಿ. ಕೋಲನ್‌ಗೆ ಬೇಕಾದ್ದು ಹೊಟ್ಟಿಗೆ ಬೇಕಾಗ್ಲಿಕ್ಕಿಲ್ಲ, ಅವರು ಹೇಳ್ತಾರ. ಎರಡನೇ ಅಭಿಪ್ರಾಯಕ್ಕ ಮುಂಬೈ ಟಾಟಾಕ್ಕೋ ಬೆಂಗಳೂರು ಕಿದ್ವಾಯಿಗೋ ಹೊಂಟ್ರ ರಿಪೋರ್ಟ್ ಜೋಡಿ ಸ್ಲೈಡು, ಬ್ಲಾಕು ಎರಡೂ ಸಹಿ ಮಾಡಿ ತಗೋರಿ, ರಿಪೋರ್ಟಿನ ಮ್ಯಾಲಿನ ನಂಬರೂ ಬ್ಲಾಕಿನ ನಂಬರೂ ಒಂದ ಐತೇನು ಅಲ್ಲೇ ನಿಂತು ನೋಡ್ರಿ. ಬ್ಲಾಕ್ ಅಂದ್ರ ಮೇಣ, 56ರಿಂದ 60 ಡಿಗ್ರಿಗೆ ಕರಗತೈತಿ. ವಿಜಯಪುರದ ಮೇ ಬಿಸಿಲಿನ್ಯಾಗ ಒಬ್ಬರು ಕಾರಿನ ಡ್ಯಾಶ್‌ಬೋರ್ಡ್ ಮ್ಯಾಲ ಇಟ್ಟು ಊಟಕ್ಕ ಹೋಗಿದ್ರು, ಬಂದು ನೋಡಿದ್ರ ಮೇಣ ಮೆತ್ತಗಾಗಿ ಪ್ಲಾಸ್ಟಿಕ್ ಚೀಲಕ್ಕ ಹತ್ತಿತ್ತು. ಮತ್ತ ಮೇಣಕ್ಕ ಹಾಕಿ ಸರಿ ಮಾಡಿದ್ವಿ, ಆದ್ರ ಎಷ್ಟು ಜೀವ ಹೋಗಿ ಬಂತು. ಹತ್ತಿ ಸುತ್ತಿ ಡಬ್ಬ್ಯಾಗ ಹಾಕಿ ಕೈಚೀಲದಾಗ ಇಟ್ಕೋರಿ.

ವಿದ್ಯಾರ್ಥಿಗಳಿಗೆ ಹುಡುಕೋ ಕ್ರಮ: ಎಂಜೈಮಿಗೆ ಎಷ್ಟು ಹೆಸರು ಅದಾವ ಮದ್ಲ ನೋಡ್ರಿ, ಹರ್‌2ನ ಇಆರ್‌ಬಿಬಿ2, ಯುಎಸ್‌ಪಿ7ನ ಹೌಸ್‌ಪಿ, ಒಂದ ಹೆಸರಿಂದ ಹುಡುಕಿದ್ರ ಅರ್ಧ ಪೇಪರ್ ಸಿಗಂಗಿಲ್ಲ. ಹ್ಯೂಮನ್ ಪ್ರೋಟೀನ್ ಅಟ್ಲಾಸ್‌ನ್ಯಾಗ ನಾರ್ಮಲ್ ಹೊಟ್ಟಿ, ಲಿವರ್, ಹಾರ್ಟ್ ಸ್ಲೈಡ್ ತಗದು ನೋಡ್ರಿ, ಹಾರ್ಟಿನ್ಯಾಗ ಗಚ್ಚ ಐತಿ ಅಂದ್ರ ಔಷಧ ಹೊಡದಾಗ ಅಲ್ಲೂ ಬೀಳ್ತೈತಿ. ಸಿಬಯೋಪೋರ್ಟಲ್‌ನ್ಯಾಗ ಮ್ಯುಟೇಶನ್ ಎಷ್ಟು ಮಂದಿಗೆ ಐತಿ ನೋಡ್ರಿ. ಪಬ್‌ಮೆಡ್‌ನ್ಯಾಗ ಆ ಪೇಪರಿನ ಮ್ಯಾಲ ‘ರಿಟ್ರ್ಯಾಕ್ಟೆಡ್’ ಅಂತ ಕೆಂಪು ಪಟ್ಟಿ ಬಂದೈತೇನು ನೋಡ್ರಿ, ನಗಬ್ಯಾಡ್ರಿ, ವಾಪಸ್ ತಗೊಂಡ ಪೇಪರನ್ನ ಸೆಮಿನಾರ್ ಕೊಟ್ಟಾವ್ರನ್ನ ಕಂಡೀನಿ. ಕಡೀಕ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗೌ ಮತ್ತ ನಮ್ಮ ದೇಶದ ಸಿಟಿಆರ್‌ಐ ಎರಡರಾಗೂ ಆ ಎಂಜೈಮಿನ ಔಷಧದ ಹೆಸರು ಹಾಕ್ರಿ, ಮನುಷ್ಯಾರ ಮ್ಯಾಲ ಟ್ರಯಲ್ ಇಲ್ಲ ಅಂದ್ರ ‘ಟಾರ್ಗೆಟ್’ ಅನ್ನೋದು ಇನ್ನೂ ಲೇಖಕರ ಆಸೆ.

ನಾ ಶಾಣ್ಯಾಕಿ ಅಂತ ಇದನ್ನೆಲ್ಲ ಹೇಳಾಕತ್ತಿಲ್ಲ. ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ್ಯಾಗ ಒಂದು ವೆಸ್ಟರ್ನ್ ಬ್ಲಾಟ್ (ಪ್ರೋಟೀನು ಎಷ್ಟೈತಿ ಅಂತ ಪಟ್ಟಿ ಪಟ್ಟಿಯಾಗಿ ತೋರಸೋ ಟೆಸ್ಟ್) ಇಟ್ಟು ‘ಎಂಜೈಮ್ ಮೂರು ಪಟ್ಟು ಹೆಚ್ಚಾಗೇತಿ’ ಅಂತ ಎದಿ ಉಬ್ಬಿಸಿ ಹೇಳಿದ್ದೆ, ಹೊರಗಿನ ಎಕ್ಸಾಮಿನರ್ ಕನ್ನಡಕದ ಮ್ಯಾಲಿಂದ ನೋಡಿ ‘ಆ್ಯಕ್ಟಿನ್ ಬ್ಯಾಂಡ್ ಎಲ್ಲೈತಮ್ಮಾ’ ಅಂದ್ರು. ಎಲ್ಲಾ ಲೇನಿಗೂ ಸ್ಯಾಂಪಲ್ ಸಮ ಬಿದ್ದೈತೋ ಇಲ್ಲೋ ಅಂತ ತೋರಸೋ ಪಟ್ಟಿ ಅದು. ಇರಲಿಲ್ಲ. ಒಂದು ಲೇನಿಗೆ ಸ್ಯಾಂಪಲ್ ಹೆಚ್ಚು ಬಿದ್ದಿತ್ತು, ಅಷ್ಟ.

ನಿನ್ನೆ ಮುಧೋಳದ ಹುಡುಗ ಹಾಳಿ ಫೋಟೊ ತಗದು ಕಳಿಸಿದ. ಎಡಕ್ಕ ಆರ್‌ಎನ್‌ಎಗೆ ಅರ್ಧ, ಸ್ಟೇನಿಂಗಿಗೆ ಒಂದು, ಎರಡನೇ ಗುಂಪಿನ ರೋಗಿಗಳು ಇಲ್ಲ. ಬಲಕ್ಕ ಸಿಸ್ಟೀನ್ ಬದಲ ಮಾಡಿದ ಪ್ರಯೋಗ ಐತಿ, ಅದಕ್ಕ ಅಂವ ದೊಡ್ಡ ರೈಟ್ ಹಾಕ್ಯಾನ, ಚಲೋ ಮಾಡ್ಯಾನ. ಅದರ ಕೆಳಗ ಸೆಲ್ ಲೈನ್ ಅಂತ ಬರದು ಎರಡು ಹೆಸರು, ಎಜಿಎಸ್, ಬಿಜಿಸಿ-823. ಎರಡನೇದಕ್ಕ ಕೆಂಪು ವೃತ್ತ. ಹಿಂದಿಂದ ವಾಯ್ಸ್ ಮೆಸೇಜು: "ಅಕ್ಕಾರ, ಇದನ್ನ ಸೆಮಿನಾರಿನ್ಯಾಗ ಹೇಳಿದ್ರ ಗೈಡ್ ಸರ್ ಸಿಟ್ಟಾಗ್ತಾರೇನ್ರಿ?" ಪೇಪರ್ ಆರಿಸಿದ್ದು ಅವರ, ನೋಡ್ರಿ. ಎಜಿಎಸ್‌ನ ಫಿಗರ್ ಮದ್ಲ ತೋರಸು, ಅದು ಖರೇ ಹೊಟ್ಟಿ ಸೆಲ್ಲು, ಆಮ್ಯಾಲ ಪಟ್ಟಿಯ ಸ್ಕ್ರೀನ್‌ಶಾಟ್ ಹಾಕಿ ‘ಸರ, ಇದೊಂದು ಡೌಟ್ ಐತ್ರಿ’ ಅಂತ ಕೇಳಂಗ ಹೇಳು ಅಂದೀನಿ. ಗುರುವಾರ ಹನ್ನೊಂದಕ್ಕ ಅವನ ಪಾಳಿ.